ಮೊದಲ ತುಂಡು
ಟಕ್, ಟಕ್. ಪಿಜ್ಜಾ ಒಲೆಯಿಂದ ಹೊರಬಂದ ಕೂಡಲೇ ಒಲೆಯಪ್ಪ ಅದರ ತಳವನ್ನು ಉಗುರಿನಿಂದ ತಟ್ಟಿ, ಯಾರದೋ ಮನೆಯ ಬಾಗಿಲು ಬಡಿದವನಂತೆ ಕಿವಿಗೊಟ್ಟು ನಿಲ್ಲುತ್ತಾನೆ. ಆ ಹೆಸರು ಗಿರಾಕಿಗಳಾದ ನಾವು ಇಟ್ಟದ್ದು. ಈ ನಗರದಲ್ಲಿ ಇಟಲಿ ಊಟದ ಹೋಟೆಲುಗಳು ಬೇಕಾದಷ್ಟಿವೆ, ಆದರೂ ಜನ ಎರಡು ಬಸ್ಸು ಬದಲಿಸಿ ಈ ಗಲ್ಲಿಗೆ ಬರುವುದು ಅವನ ಕೈರುಚಿಗಾಗಿ. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಿದ ಮೇಲೆ ಯಾರಾದರೂ ಸೀನಿದರೆ, "ಮೆಲ್ಲಗೆ ಸ್ವಾಮಿ, ಇದಕ್ಕೆ ಈಗಷ್ಟೇ ನಿದ್ದೆ ಹತ್ತಿದೆ" ಎನ್ನುತ್ತಾನೆ. ಅವನು ಮೇಲೆ ತೂರಿದ ಹಿಟ್ಟು ತಿರುಗುತ್ತಾ ಕೆಳಗಿಳಿಯುವಷ್ಟರಲ್ಲಿ ನಾವೊಂದು ಸಣ್ಣ ಕನಸು ಕಂಡು ಮುಗಿಸಿರುತ್ತೇವೆ. ದಿನದ ಮೊದಲ ತುಂಡು ಮಾತ್ರ ಪಾತ್ರೆ ತೊಳೆಯುವ ಅಕ್ಕನಿಗೆ. ಅವಳು ತಿನ್ನುವಷ್ಟು ಹೊತ್ತೂ ಅವಳ ಮುಖವನ್ನೇ ನೋಡುತ್ತಾನೆ. ಎಂಥ ದೊಡ್ಡ ಮನಸ್ಸು ಎಂದು ನಾವೆಲ್ಲ ಕೊಂಡಾಡುತ್ತಿದ್ದೆವು. ಇವತ್ತು ಅಕ್ಕ ರಜೆ. ಆ ತುಂಡು ನನ್ನ ತಟ್ಟೆಗೆ ಬಂತು. "ಸಾಸ್‌ಗೆ ಉಪ್ಪು ಕಮ್ಮಿ ಕಣಪ್ಪ" ಎಂದೆ. "ಎಷ್ಟು ಕಮ್ಮಿ? ಸರಿಯಾಗಿ ಹೇಳಿ." "ನೀನೇ ನೆಕ್ಕಿ ನೋಡು." ಅವನು ಯಜಮಾನರ ಕೋಣೆಯತ್ತ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದ. "ಒಂದ್ಸಲ ಜೋರು ಜ್ವರ ಬಂದಿತ್ತು, ಆಗಿಂದ ನನ್ನ ನಾಲಿಗೆಗೆ ಏನೂ ಗೊತ್ತಾಗಲ್ಲ. ಮೂರು ವರ್ಷ ಆಯ್ತು. ಅವರಿಗೆ ತಿಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಾರಾ? ತಿಂದು ನಕ್ಕಾಗ ಅಕ್ಕನ ಕೆನ್ನೇಲಿ ಗುಳಿ ಬಿದ್ರೆ ರುಚಿ ಎಲ್ಲ ಸರಿ ಇದೆ ಅಂತ ಲೆಕ್ಕ." "ಒಂದು ಚಿಟಿಕೆ ಹಾಕು, ಸಾಕು. ಅಲ್ಲಯ್ಯಾ, ಅಕ್ಕನಿಗೆ ಈ ವಿಷಯ..." ಎಂದು ನಾನು ಕೇಳುತ್ತಿರುವಾಗಲೇ, "ಒಂದು ಚಿಟಿಕೆ, ಒಂದು ಚಿಟಿಕೆ" ಎನ್ನುತ್ತಾ, ತುಂಬಿದ ಬಟ್ಟಲು ಹಿಡಿದವನ ಹಾಗೆ ಹುಷಾರಾಗಿ, ಒಲೆಯ ಕಡೆ ನಡೆದೇಬಿಟ್ಟ.