ಅಧಿಕ ಮಾಸದ ತೆರಿಗೆ

ದಿನಾ ದೀಪ ಹಚ್ಚುವಾಗ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಹಳೇ ಬಾಯ್ಲರ್ ಚಳಿಗಾಲ ದಾಟಿಸಿತು, ಮಗಳ ಕಿವಿ ಸೋರುವುದು ನಿಂತಿತು, ಹೀಗೆ. ಲಂಡನ್ನಿನ ಪಿನ್ನರ್ ಬಡಾವಣೆಯ ಆ ಮಹಾಶಯರು ತೆರಿಗೆ ಕಟ್ಟಿದ್ದನ್ನೂ ಅವುಗಳ ಜೊತೆ ಸೇರಿಸಿಕೊಂಡಿದ್ದೇನೆ.

ತೊಂಬತ್ತರ ದಶಕದಲ್ಲಿ ನಾವು ಲಂಡನ್ನಿನ ಇನ್ನೊಂದು ಕೊನೆಯ ಈಸ್ಟ್ ಹ್ಯಾಮ್‌ನಲ್ಲಿ, ಸರ್ಕಾರ ಕಡಿಮೆ ಬಾಡಿಗೆಗೆ ಕೊಡುವ ಕೌನ್ಸಿಲ್ ಫ್ಲ್ಯಾಟಿನಲ್ಲಿದ್ದೆವು. ನಮ್ಮವರು ಹೋಟೆಲಿನಲ್ಲಿ ಅಡಿಗೆಯವರು. ನಾನು ಮನೆಯಲ್ಲೇ ಇರುತ್ತಿದ್ದೆ. ಯಾರಾದರೂ ಕರೆದರೆ ಮಡಿಯಲ್ಲಿ ಶ್ರಾದ್ಧದ ಅಡಿಗೆ ಮಾಡಿಕೊಟ್ಟು ಬರುತ್ತಿದ್ದೆ. ಪಿನ್ನರ್‌ನ ಆ ಮನೆಗೂ ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ಆ ಮನೆಯ ಯಜಮಾನರ ತಂದೆಯ ತಿಥಿಗೆ ಹೋಗುತ್ತಿದ್ದೆ. ಮುದುಕರನ್ನು ನೋಡಿಕೊಳ್ಳುವ ನಾಲ್ಕಾರು ನರ್ಸಿಂಗ್ ಹೋಮ್‌ಗಳು ಅವರವು. ಮನೆಯಲ್ಲಿ ವಯಸ್ಸಾದ ತಾಯಿ.

ಒಂದು ವರ್ಷ ಬಡಿಸುತ್ತಿದ್ದಾಗ ಆ ತಾಯಿ ನನ್ನ ಮಗಳ ಕಿವಿಯನ್ನು ವಿಚಾರಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಒಂದು ಪೆನ್ನಿ ತೆಗೆದುಕೊಳ್ಳಲಿಲ್ಲ ಎಂದೆ. ಯಜಮಾನರು ಎಲೆಯಿಂದ ತಲೆ ಎತ್ತದೆಯೇ ಹೇಳಿದರು:

"ಫ್ರೀ ಅನ್ನೋದು ಯಾವುದೂ ಇಲ್ಲಮ್ಮ. ಅದು ನಾನು ಕಟ್ಟೋ ಟ್ಯಾಕ್ಸು. ನಿಮ್ಮ ಫ್ಲ್ಯಾಟು, ನಿಮ್ಮ ಮಗಳ ಕಿವಿ, ಎಲ್ಲ ನನ್ನ ಲೆಕ್ಕದಲ್ಲೇ. ನಮ್ಮಂಥ ನಾಲ್ಕು ಜನ ಎದ್ದು ಹೋದ್ರೆ ಈ ದೇಶ ಬಾಗಿಲು ಹಾಕ್ಕೋಬೇಕು."

ಪಂಕ್ತಿಯಲ್ಲಿದ್ದ ನೆಂಟರು ನಕ್ಕರು. ನಮ್ಮವರ ಸಂಬಳದಲ್ಲಿ ತೆರಿಗೆ ಮುರಿದುಕೊಂಡೇ ಕೈಗೆ ಕೊಡುತ್ತಿದ್ದರು, ಅದು ಈ ಮಹಾಶಯರಿಗೆ ಲೆಕ್ಕವೇ ಅಲ್ಲ. ಪಾಯಸ ಬಡಿಸಿದೆ. ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಅಳು ಬಂತು. ಅವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ದೇವರನ್ನು ಬೇಡಲಿಲ್ಲ. ಈ ಮಾತು ಅವರಿಗೇ ತಟ್ಟಲಿ ಎಂದು ಬೇಡಿದೆ.

ಕೆಲವು ವರ್ಷಗಳಲ್ಲಿ ಅವರು ನಿಜಕ್ಕೂ ಎದ್ದು ಹೋದರು, ತೆರಿಗೆಯೇ ಇಲ್ಲದ ಯಾವುದೋ ದ್ವೀಪಕ್ಕೆ. ಅವರು ಹೊರಟುಹೋದ ವಾರವೂ ಬಸ್ಸು ಬಂತು, ಸರ್ಕಾರಿ ಡಾಕ್ಟರು ಮಗಳ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ತಾಯಿ ಮಾತ್ರ ಪಿನ್ನರ್ ಬಿಡಲೊಲ್ಲೆ ಎಂದು ಉಳಿದರು. ಮಗ ವರ್ಷದಲ್ಲಿ ಇಂತಿಷ್ಟೇ ರಾತ್ರಿ ಇಂಗ್ಲೆಂಡಿನಲ್ಲಿ ಮಲಗಬಹುದಂತೆ. ಮೀರಿದರೆ ಆ ವರ್ಷದ ಆದಾಯಕ್ಕೆಲ್ಲ ಇಲ್ಲೇ ತೆರಿಗೆ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಮ್ಮೆ ಆಶ್ವಯುಜ ಎರಡು ಸಲ ಬಂತು. ಮೊದಲನೆಯದು ಅಧಿಕ, ಎರಡನೆಯದು ನಿಜ. ನಮ್ಮಲ್ಲಿ ವರ್ಷದ ಶ್ರಾದ್ಧ ನಿಜಮಾಸದಲ್ಲೇ. ಅವರು ಆಶ್ವಯುಜ ಎಂಬುದನ್ನಷ್ಟೇ ನೋಡಿ ಮೊದಲ ತಿಂಗಳಿಗೆ ಟಿಕೆಟ್ ಮಾಡಿಸಿ ಬಂದುಬಿಟ್ಟಿದ್ದರು. ಬೇಸಿಗೆಯಲ್ಲೂ ಬಂದಿದ್ದರಿಂದ ಆ ವರ್ಷದ ಲೆಕ್ಕದ ರಾತ್ರಿಗಳೆಲ್ಲ ಮುಗಿಯುತ್ತ ಬಂದಿದ್ದವು. ಅಡಿಗೆಗೆ ಕರೆಯಲು ಅವರೇ ಫೋನ್ ಮಾಡಿದರು.

"ಅಧಿಕದಲ್ಲಿ ನಾನು ಶ್ರಾದ್ಧದ ಒಲೆ ಹಚ್ಚೋದಿಲ್ಲ. ಮುಂದಿನ ತಿಂಗಳು ಬನ್ನಿ," ಎಂದೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ." ನಾನು ಅಕ್ಕ ಆದದ್ದು ಅವತ್ತೇ. "ಮುಂದಿನ ತಿಂಗಳು ಬೆಳಿಗ್ಗೆ ಬಂದು ಸಂಜೆ ಫ್ಲೈಟಿಗೆ ಹೋದ್ರೆ?"

"ಹಿಂದಿನ ರಾತ್ರಿ ನಿಯಮದಲ್ಲಿ ಮನೇಲಿರಬೇಕು. ಶ್ರಾದ್ಧ ಮಾಡಿದವರು ಅವತ್ತು ಪ್ರಯಾಣ ಮಾಡೋ ಹಾಗಿಲ್ಲ."

"ನೀವು ಹ್ಞೂಂ ಅಂದ್ರೆ ಅಮ್ಮನೂ ಒಪ್ತಾರೆ."

"ನಾನು ಅನ್ನೋದಿಲ್ಲ."

ಶಾಸ್ತ್ರ ನಾನು ಮಾಡಿದ್ದಲ್ಲ. ಆದರೆ ಅದನ್ನು ಹೇಳುವಾಗ ನಾಲಿಗೆಗೆ ಬೆಲ್ಲ ತಗುಲಿದಂತಿತ್ತು. ಫೋನಿನಲ್ಲಿ ಅವರ ಹಿಂದಿನಿಂದ ತಾಯಿಯ ದನಿ ಕೇಳಿಸಿತು: "ಅಪ್ಪನಿಗೆ ಪಿಂಡ ಹಾಕೋಕೂ ರಾತ್ರಿ ಎಣಿಸ್ತೀಯೇನೋ? ಹಾಗಾದ್ರೆ ನಾನು ಸತ್ತಾಗಲೂ ನಿನ್ನ ಅಕೌಂಟೆಂಟ್‌ನ ಕೇಳ್ಕೊಂಡೇ ಬಾ."

ನಿಜ ಆಶ್ವಯುಜದಲ್ಲಿ ಅವರು ಬಂದರು. ಹಿಂದಿನ ರಾತ್ರಿಯೂ ಇದ್ದರು, ಶ್ರಾದ್ಧದ ರಾತ್ರಿಯೂ ಉಳಿಯುವವರಿದ್ದರು. ಬ್ರಾಹ್ಮಣರ ಊಟ ಮುಗಿದು ತಾವು ಕೂತಾಗ, ಹಿಂದಿನಂತೆಯೇ ಎಲೆ ನೋಡುತ್ತ ಹೇಳಿದರು: "ಈ ಊಟ ನನಗೆ ಎಷ್ಟಕ್ಕೆ ಬಿತ್ತು ಗೊತ್ತಾ ಅಕ್ಕ? ಈ ವರ್ಷದ ಟ್ಯಾಕ್ಸು ಅಷ್ಟೂ ಇಲ್ಲೇ ಕಟ್ಟಬೇಕು."

"ಕಟ್ಟಿ. ನಮ್ಮನೆಯವರದ್ದು ವಾರವಾರ ಮುರ್ಕೊಳ್ತಾರೆ. ಅವರು ಯಾರ ಎಲೆ ಮುಂದೂ ಹೇಳ್ಕೊಂಡಿಲ್ಲ. ವಡೆ ಹಾಕ್ಲಾ?"

ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು. ಶ್ರಾದ್ಧದ ವಡೆ ಬೇಡ ಅನ್ನಬಾರದು, ಕೈ ತೆಗಿ ಎಂದು ತಾಯಿ ಗದರಿದರು. ತೆಗೆದರು. ನಾನು ಎರಡು ಹಾಕಿದೆ.