ರಜೆಗೆಂದು ಕೂಡಿಟ್ಟ ಪಾಠಗಳು

ಅಕ್ಕ ತೀರಿಕೊಂಡ ಬೆಳಿಗ್ಗೆಯೂ ಅವಳ ಪಾಠ ಹೊತ್ತಿಗೆ ಸರಿಯಾಗಿ ಬಂತು. ಕೊರಳಿಗೆ ಟೇಪು ಹಾಕಿಕೊಂಡು, ಫೋನಿನೊಳಗಿಂದ ನಗುತ್ತಾ, "ಬನ್ನಿ, ಇವತ್ತು ಅಂಗಿಗೆ ತೋಳು ಕೂಡಿಸೋದು ಕಲಿಯೋಣ" ಎಂದಳು. ಒಳಕೋಣೆಯಲ್ಲಿ ಅದೇ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅದು ಅವಳ ರಜೆಯ ಮೊದಲ ದಿನ. ತಾಯಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗದಂತೆ ಓಡಾಡುತ್ತಿದ್ದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ತಂಗಿ ಹೋಗಿ, "ಟೀ ಆರಿಹೋಗುತ್ತೆ, ಏಳೇ ಅಕ್ಕ" ಎಂದು ಭುಜ ಮುಟ್ಟಿದಳು. ಆಗಲೇ ಮನೆಯವರಿಗೆ ವಿಷಯ ಗೊತ್ತಾಗಿದ್ದು.

ಲೋಕಕ್ಕೆ ಗೊತ್ತುಮಾಡುವುದು ಅದಕ್ಕಿಂತ ಕಷ್ಟವಾಯಿತು. ಆ ದಿನದ ಪಾಠದ ಕೆಳಗೆ ತಂಗಿ, "ನಮ್ಮ ಅಕ್ಕ ಇನ್ನಿಲ್ಲ" ಎಂದು ಬರೆದಳು. ಯಾರೂ ನಂಬಲಿಲ್ಲ. "ಬೆಳ್‌ಬೆಳಿಗ್ಗೆ ಇದೆಂಥ ತಮಾಷೆ? ಈಗಷ್ಟೇ ಮಾತಾಡಿದ್ರಲ್ಲ" ಎಂದು ಒಬ್ಬರು. "ಲೈಕು ಸಿಗುತ್ತೆ ಅಂದ್ರೆ ಜನ ಹೆಣಾನೂ ಮಾರ್ತಾರೆ" ಎಂದು ಇನ್ನೊಬ್ಬರು. "ನೀನು ನಿಜವಾದ ತಂಗಿ ಆಗಿದ್ರೆ ಇಂಥ ಮಾತು ಬರೀತಿದ್ಯಾ?" ಎಂದು ಕೇಳಿದವರೂ ಇದ್ದರು. ದೇಹ ಇನ್ನೂ ಮನೆಯಲ್ಲಿರುವಾಗ ತಂಗಿ ಮೂಲೆಯಲ್ಲಿ ಕೂತು, "ಹೌದು, ನಿಜ, ನಾನು ಅವಳ ತಂಗಿನೇ" ಎಂದು ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದಳು. ಬಂದ ನೆಂಟರು, "ಇಂಥ ಹೊತ್ತಲ್ಲೂ ಫೋನೇ?" ಎಂದು ಮುಖ ತಿರುಗಿಸಿದರು.

ಈ ತಂಗಿಯನ್ನು ನೋಡುಗರು ಕಂಡವರಲ್ಲ. ಪಾಠದ ನಡುವೆ ಅಕ್ಕ, "ಸ್ವಲ್ಪ ಹತ್ತಿರ ತೋರ್ಸೇ" ಎಂದಾಗ ಕ್ಯಾಮೆರಾ ಸೂಜಿಯ ಬಳಿ ಹೋಗುತ್ತಿತ್ತಲ್ಲ, ಆ ಕೈ ಇವಳದು. ತೆಗೆದ ವಿಡಿಯೊವನ್ನು ಕತ್ತರಿಸಿ, ಜೋಡಿಸಿ, ಹದ ಮಾಡುವವಳೂ ಇವಳೇ. ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ವಿಡಿಯೊ ಕತ್ತರಿಸುವವಳು. "ಎರಡು ಕತ್ತರಿ ಇರೋ ಮನೆ, ನಿಮ್ಮ ನಾಲಿಗೆ ಜೋಪಾನ" ಎಂದು ತಾಯಿ ಬಂದವರೊಡನೆ ಹೇಳಿ ನಗುತ್ತಿದ್ದರು.

ಈಗಲೂ ಬೆಳಕು ಹರಿಯುವಾಗ ತಂಗಿ ಕೆಲಸಕ್ಕೆ ಕೂತಿರುತ್ತಾಳೆ. ಬೀದಿಯ ಸದ್ದು ಬಾರದಿರಲೆಂದು ಕಿಟಕಿಗೆ ಹಳೆಯ ರಜಾಯಿ ತೂಗುಹಾಕಿದೆ. ಹೊಲಿಗೆ ಯಂತ್ರ ಮುಸುಕು ಹೊದ್ದು ಮೂಲೆ ಸೇರಿದೆ. ಲ್ಯಾಪ್‌ಟಾಪಿನ ಒಂದು ಕೀಲಿ ಕಿತ್ತುಹೋಗಿದ್ದ ಕಡೆ ಅಕ್ಕ ಅಂಗಿಯ ಗುಂಡಿಯೊಂದನ್ನು ಅಂಟಿಸಿಕೊಟ್ಟಿದ್ದಳು. ತಂಗಿಯ ಬೆರಳು ನೋಡದೆಯೇ ಅದರ ಮೇಲೆ ಹೋಗಿ ಕೂರುತ್ತದೆ.

"ಅಕ್ಕ ಇದ್ದಾಗ ಹತ್ತು ನಿಮಿಷದ ಪಾಠ ಅಂದ್ರೆ ನನಗೆ ಅರ್ಧ ದಿನದ ಕೆಲಸ" ಎನ್ನುತ್ತಾಳೆ. "ನೂಲು ತುಂಡಾಗಿದ್ದು ತೆಗೀಬೇಕು, ನಾಯಿ ಬೊಗಳಿದ್ದು ತೆಗೀಬೇಕು, ಅಮ್ಮ 'ಊಟಕ್ಕೆ ಬರ್ತೀರೋ ಇಲ್ವೋ' ಅಂತ ಕೂಗಿದ್ದು ತೆಗೀಬೇಕು. ಅಕ್ಕ ಆಕಳಿಸಿದ್ದು, ಮಾತು ಮರೆತು ನಿಂತಿದ್ದು, ಉಸಿರು ಎಳ್ಕೊಂಡಿದ್ದು ಎಲ್ಲ ತೆಗೀಬೇಕು. ಒಂದು ಗಳಿಗೆ ಸುಮ್ನಿದ್ರೂ ಜನ ಬೆರಳಲ್ಲಿ ತಳ್ಳಿ ಮುಂದಕ್ಕೆ ಹೋಗ್ಬಿಡ್ತಾರೆ."

ಅಕ್ಕ ಅಂಗಡಿಯೊಂದರಲ್ಲಿ ಕೂಲಿಗೆ ಹೊಲಿಯುತ್ತಿದ್ದವಳು. ಗುಂಡಿಗೆ ಕಾಜ ಹಾಕುವುದನ್ನು ಯಾರಿಗೋ ತೋರಿಸಲೆಂದು ಒಮ್ಮೆ ವಿಡಿಯೊ ಮಾಡಿ ಹಾಕಿದಳು, ಜನಕ್ಕೆ ಹಿಡಿಸಿತು. ಮೊದಲು ವಾರಕ್ಕೊಂದು ಪಾಠ ಇತ್ತು. ಆಮೇಲೆ ವಾರಕ್ಕೆರಡಾಯಿತು, ಕೊನೆಗೆ ದಿನಕ್ಕೊಂದಾಯಿತು. ಒಂದು ದಿನ ತಪ್ಪಿದರೆ ನೋಡುವವರು ಕಡಿಮೆಯಾಗುತ್ತಿದ್ದರು, ಅವರನ್ನು ಮತ್ತೆ ಕೂಡಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಯಾರೋ ತೋಳನ್ನು ತಿರುಗಾಮುರುಗಾ ಹೊಲಿದು ಚಿತ್ರ ಕಳಿಸುವರು, ಅಕ್ಕ ಊಟ ಬಿಟ್ಟು ಉತ್ತರ ಹೇಳುವಳು.

"ತಟ್ಟೆ ಮುಂದೆ ಕೂತಾಗಲಾದ್ರೂ ಆ ಫೋನ್ ಕೆಳಗಿಡು. ಅದೇನು ಕೈಗೂಸೇ?" ಎಂದು ತಾಯಿ ಬೈಯುವರು.

"ಕೈಗೂಸಾದ್ರೂ ಒಂದು ಹೊತ್ತು ಮಲಗುತ್ತೆ ಅಮ್ಮ, ಇದು ಮಲಗಲ್ಲ" ಎಂದು ಅಕ್ಕ ನಗುವಳು.

ಅಕ್ಕನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಸೂಜಿಗೆ ನೂಲು ಪೋಣಿಸಲು ನಾಲ್ಕೈದು ಸಲ ಯತ್ನಿಸಬೇಕಾಯಿತು. ಒಂದು ವಾರ ರಜೆ ಹಾಕೋಣವೆಂದು ಹೇಳಿದವಳು ತಂಗಿಯೇ. ಅಕ್ಕ ಒಪ್ಪಿದಳು, ಆದರೆ ಪಾಠ ಮಾತ್ರ ನಿಲ್ಲಬಾರದೆಂದಳು. ಈ ಕಸುಬಿನಲ್ಲಿ ರಜೆಯ ಲೆಕ್ಕವೇ ಹಾಗೆ. ವಿರಾಮದ ದಿನಗಳಿಗೆ ಬೇಕಾದ ವಿಡಿಯೊಗಳನ್ನು ಮೊದಲೇ ಮಾಡಿಟ್ಟು, ಇಂಥ ದಿನ ಇಂಥದು ತಾನಾಗಿ ಹೊರಬರಲಿ ಎಂದು ಹೊಂದಿಸಿಟ್ಟು, ಆಮೇಲೆ ಕಾಲು ಚಾಚಬೇಕು. ಹಾಗೆಂದು ಅಕ್ಕತಂಗಿಯರು ದಿನಕ್ಕೆ ಎರಡೆರಡು ಪಾಠ ಮಾಡಿದರು. ದಣಿವು ಕಳೆಯಲು ದುಪ್ಪಟ್ಟು ದಣಿದರು. ಬೆಂಕಿ ಆರಿಸಲು ಎಣ್ಣೆ ಹೊಯ್ದಂತಾಯಿತು.

"ಹೃದಯ ನಿಂತಿದೆ ಅಂದ್ರು ಡಾಕ್ಟ್ರು. ಮೊದಲೇ ಏನೋ ತೊಂದರೆ ಇದ್ದಿರಬೇಕು, ಬರೀ ದಣಿವಿಂದಲೇ ಅಂತ ಹೇಳೋಕಾಗಲ್ಲ ಅಂದ್ರು" ಎನ್ನುತ್ತಾಳೆ ತಂಗಿ. ವೈದ್ಯರ ಆ ಮಾತು ಅವಳಿಗೆ ಸಮಾಧಾನ ತಂದಿಲ್ಲ.

ಆ ವಾರವೆಲ್ಲ ಕೂಡಿಟ್ಟ ಪಾಠಗಳು ಬರುತ್ತಲೇ ಹೋದವು. ನಿಲ್ಲಿಸಲು ಹೋದ ಮಗಳ ಕೈಯನ್ನು ತಾಯಿ ಹಿಡಿದುಕೊಂಡರು. "ಬರ್ಲಿ ಬಿಡೇ. ಬೆಳಿಗ್ಗೆ ಎದ್ದು ಅವಳ ದನಿ ಕೇಳ್ತೀನಿ." ಸೂತಕದ ಮನೆಯಲ್ಲಿ ದಿನವೂ ಅಕ್ಕ ಜೇಬು ಹಚ್ಚುವುದನ್ನು, ಅಂಚು ಮಡಿಸುವುದನ್ನು ನಗುನಗುತ್ತಾ ಹೇಳಿಕೊಟ್ಟಳು. ಕೊನೆಯ ಪಾಠವೊಂದು ಮಾತ್ರ ಕತ್ತರಿಸದೆ ಉಳಿದಿತ್ತು. ರಜೆಯ ಹಿಂದಿನ ದಿನ ತೆಗೆದದ್ದು. ತಾಯಿ ಅದಕ್ಕಾಗಿ ಕಾದಿದ್ದರು. ನೋಡುಗರೂ ಈಗ ನಂಬಿ, ಅಳುತ್ತಾ, ಅದಕ್ಕಾಗಿಯೇ ಕಾದಿದ್ದರು.

ತಂಗಿ ಅದನ್ನು ತೆರೆದು ನೋಡಿದಳು. ಅಕ್ಕ ಕಾಲರ್ ಹೊಲಿಯುತ್ತಿದ್ದಾಳೆ. ನಡುವೆ ಅವಳ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ. ಬಟ್ಟೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಾಳೆ. ಉಸಿರು ಮೇಲೆ ಹೋಗಿ ಕೆಳಗೆ ಬರಲು ತಡಮಾಡುತ್ತದೆ. "ಒಂಚೂರು ಇರೇ" ಎನ್ನುತ್ತಾಳೆ. ಆಗ ಕ್ಯಾಮೆರಾದ ಹಿಂದಿನಿಂದ ಒಂದು ದನಿ: "ಇದೊಂದು ಮುಗಿಸ್ಬಿಡಕ್ಕ, ನಾಳೆಯಿಂದ ರಜೆ ಅಲ್ವಾ?" ಅದು ತಂಗಿಯದೇ ದನಿ. ಅಕ್ಕ ಕಣ್ಣು ತೆರೆದು, ಸೆರಗಿನಿಂದ ಹಣೆ ಒರೆಸಿಕೊಂಡು, ದೀಪ ಹಚ್ಚಿದಂತೆ ಮುಖದಲ್ಲಿ ನಗು ತಂದುಕೊಂಡು, "ನೋಡಿ, ಈಗ ಕಾಲರಿನ ತುದಿ ತಿರುಗಿಸೋಣ" ಎನ್ನುತ್ತಾಳೆ.

ಹಿಂದೆ ನಿಂತು ನೋಡುತ್ತಿದ್ದ ತಾಯಿ, "ಅಷ್ಟು ತೆಗೆದುಬಿಡು" ಎಂದರು. "ನನ್ನ ಮಗಳು ಸೋತ ಮುಖದಲ್ಲಿ ಊರಿಗೆಲ್ಲ ಕಾಣೋದು ಬೇಡ. ಆ ಮಾತು ಕೇಳಿದ್ರೆ ನಿನ್ನನ್ನೂ ಜನ ಹರಿದು ತಿಂತಾರೆ. ಇರೋಳೊಬ್ಬಳು ನೀನು."

"ಇಷ್ಟು ದಿನ ತೆಗೆದಿದ್ದೇ ಸಾಕಾಯ್ತಮ್ಮ" ಎಂದಳು ತಂಗಿ. "ಅವಳು ಸುಸ್ತಾಗಿದ್ದನ್ನೆಲ್ಲ ನನ್ನ ಕೈಯಾರೆ ತೆಗೆದು ತೆಗೆದು ಹಾಕ್ದೆ. ಉಳಿದಿದ್ದ ನಗುಮುಖಾನೇ ದಿನಾ ನೋಡಿ, ಒಂದು ವಾರ ರಜೆ ಸಿಕ್ಕರೆ ಸರಿಹೋಗ್ತಾಳೆ ಅಂತ ನಾನೇ ನಂಬಿಬಿಟ್ಟೆ. ಪಕ್ಕದ ಹಾಸಿಗೇಲಿ ಮಲಗ್ತಿದ್ದೋಳು, ಇಷ್ಟು ಸೋತಿದ್ದು ನನಗೇ ಕಾಣ್ಲಿಲ್ಲ."

ತಾಯಿ ಕುರ್ಚಿ ಎಳೆದುಕೊಂಡು ಕೂತರು. "ಅದನ್ನ ನನ್ನ ಕಿವಿಗೆ ಹಾಕು" ಎಂದು ಹೆಡ್‌ಫೋನ್ ತೋರಿಸಿದರು. ಹಿರಿಮಗಳು ಉಸಿರೆಳೆದುಕೊಂಡ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

"ಚಿಕ್ಕವಳಿದ್ದಾಗ ನನ್ನ ಹೊಟ್ಟೆಗೆ ಮುಖ ಒತ್ಕೊಂಡು ಹೀಗೇ ಉಸಿರು ಬಿಡೋಳು. ಇದನ್ನೂ ಬಿಸಾಕ್ತಿದ್ಯಾ?"

"ಹ್ಞೂಂ ಅಮ್ಮ."

"ಬೇಡ. ಇರ್ಲಿ."

ಮರುದಿನ ಬೆಳಿಗ್ಗೆ ಆ ಪಾಠ ಹಾಗೇ ಹೊರಬಂತು. ಉಸಿರು, ಬೆವರು, ತಂಗಿಯ ಮಾತು ಎಲ್ಲವೂ ಅದರಲ್ಲಿದ್ದವು. ತಾಯಿ ಹೆದರಿದಂತೆಯೇ ಆಯಿತು. "ಅಕ್ಕನ್ನ ದುಡಿಸಿ ದುಡಿಸಿ ಕೊಂದೋಳು" ಎಂದು ಬರೆದವರಿದ್ದರು. ತಂಗಿ ಅದನ್ನು ಅಳಿಸಲಿಲ್ಲ. ಮೊದಲ ದಿನ ತಮಾಷೆಯೆಂದು ಜರಿದವರಲ್ಲಿ ಕೆಲವರು ತಪ್ಪಾಯಿತೆಂದರು. ಸೈಕಲ್ ರಿಪೇರಿ ಕಲಿಸುವ ಹಿರಿಯರೊಬ್ಬರು, "ಇದನ್ನು ನೋಡಿ ನನ್ನ ಕ್ಯಾಮೆರಾ ಮುಚ್ಚಿಟ್ಟು ಮಲಗಿದೆನಮ್ಮ" ಎಂದು ಬರೆದರು.

ಅವರನ್ನು ಈಗ ತಂಗಿ 'ಸೈಕಲ್ ಮಾವ' ಎನ್ನುತ್ತಾಳೆ. ಅವರ ಮತ್ತು ಅವರಂಥ ಕೆಲವರ ವಿಡಿಯೊ ಕತ್ತರಿಸಿಕೊಟ್ಟು ಮನೆ ನಡೆಸುತ್ತಾಳೆ. ಕೆಲಸ ಒಪ್ಪಿಕೊಳ್ಳುವಾಗ ಅವಳದೊಂದು ಷರತ್ತು: ವಾರಕ್ಕೊಂದು ದಿನ ಚಾನೆಲ್ ಖಾಲಿ ಇರಬೇಕು, ಆ ದಿನಕ್ಕೆಂದು ಏನನ್ನೂ ಮೊದಲೇ ಮಾಡಿಡುವಂತಿಲ್ಲ. ಷರತ್ತು ಕೇಳಿ ಬಿಟ್ಟುಹೋದವರೇ ಹೆಚ್ಚು. ವಿಡಿಯೊದಲ್ಲಿ ಉಸಿರು ಭಾರವಾದದ್ದು ಕೇಳಿಸಿದರೆ ಕೆಲಸ ನಿಲ್ಲಿಸಿ ಫೋನ್ ಮಾಡುತ್ತಾಳೆ.

"ಮಾವ, ಟಯರ್ ಬಿಚ್ಚೋವಾಗ ಮೂರು ಸಲ ಆಕಳಿಸಿದೀರಿ. ನಿನ್ನೆ ನಿದ್ದೆ ಮಾಡಿದ್ರಾ?"

"ನೀನು ವಿಡಿಯೊ ಕತ್ತರಿಸೋಳೋ, ನಮ್ಮತ್ತೆಯೋ? ಆಕಳಿಕೆ ತೆಗೆದುಹಾಕಮ್ಮ."

"ತೆಗೆಯಲ್ಲ. ನಿಮ್ಮ ಹೆಂಡತಿಗೆ ಫೋನ್ ಕೊಡಿ, ನಿಮ್ಮ ಕ್ಯಾಮೆರಾ ಬೀಗ ಹಾಕಿ ಇಡಕ್ಕೆ ಹೇಳ್ತೀನಿ."

"ಅಯ್ಯೋ, ಆ ಕೆಲಸ ಮಾತ್ರ ಮಾಡ್ಬೇಡ ತಾಯಿ, ಮಲಗ್ತೀನಿ!"

ಫೋನ್ ಇಟ್ಟು ನಗುತ್ತಾಳೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಇನ್ನೇನು ಆಸೆಯಿದೆಯೆಂದು ಯಾರಾದರೂ ಕೇಳಿದರೆ, "ಒಬ್ಬರಾದ್ರೂ ಹೇಳಿದ ಮಾತು ಕೇಳ್ತಾರಲ್ಲ, ಅಷ್ಟು ಸಾಕು. ಅಕ್ಕನಿಗೂ ಹೀಗೆ ಒಂದು ಸಲ ಗದರಿದ್ದಿದ್ರೆ..." ಎಂದು ಮತ್ತೆ ವಿಡಿಯೊದ ಕಡೆ ತಿರುಗುತ್ತಾಳೆ.

ಕೆಲಸಕ್ಕೆ ಕೂರುವ ಮುನ್ನ ತಾಯಿಮಗಳು ಇಬ್ಬರೂ ಕೈಮುಗಿದು ನಿಲ್ಲುತ್ತಾರೆ. ಪ್ರಾರ್ಥನೆಯ ಮಾತು ತಾಯಿಯದು, ಮಗಳು ಮೆಲ್ಲಗೆ ದನಿಗೂಡಿಸುತ್ತಾಳೆ: "ದೇವರೇ, ನಮ್ಮ ಹುಡುಗಿ ನಿನ್ನ ಹತ್ರ ಬಂದಿದ್ದಾಳೆ. ಸುಮ್ಮನೆ ಕೂರೋಕೆ ಅವಳಿಗೆ ಬರಲ್ಲ, ಕೆಲಸ ಕೇಳ್ತಾಳೆ. ಎಷ್ಟು ಕೇಳಿದ್ರೂ ಕೊಡಬೇಡ, ತಂದೆ. ನಿನ್ನ ನೆರಳಲ್ಲಿ ಕೂರಿಸ್ಕೊ. ಅವಳ ಆತ್ಮಕ್ಕೆ ಶಾಂತಿ ಕೊಡು."