ಮಾವನ ರಕ್ತದಲ್ಲಿ ನಿಧಾನವಾಗಿ ಬೆಳೆದ ಕೋಶಗಳು

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು ಬೆಳೆಸುವುದು. ಕಿತ್ತು ಬಿಸಾಡುವ ಬುದ್ಧಿಹಲ್ಲಿನ ತಿರುಳಿನಿಂದ ಅವನ್ನು ತೆಗೆಯುತ್ತೇವೆ. ಮುಂದೆ ಸವೆದ ಮೂಳೆಯನ್ನೋ ಮಾಯದ ಗಾಯವನ್ನೋ ಇವುಗಳಿಂದ ಸರಿಪಡಿಸಬಹುದು ಎಂಬ ಆಸೆ. ಊರಿನವರಿಗೆ ಇದನ್ನೆಲ್ಲ ವಿವರಿಸಿ ಸಾಕಾಗಿ, "ಹಲ್ಲಿನ ಸಸಿಮಡಿ ಮಾಡ್ತೀನಿ" ಎಂದುಬಿಟ್ಟಿದ್ದೆ. ನಮ್ಮ ಹುಣಸೂರು ಕಡೆಯವರಿಗೆ ಹೊಗೆಸೊಪ್ಪಿನ ಸಸಿಮಡಿ ಚೆನ್ನಾಗಿ ಗೊತ್ತು. ಅಲ್ಲಿಗೆ ಅವರ ಪ್ರಶ್ನೆಗಳೂ ನಿಂತವು.

ಈ ಕೋಶಗಳಿಗೂ ಊಟ ಬೇಕು. ನಾವು ವರ್ಷಗಳಿಂದ ಹಾಕುತ್ತಿದ್ದುದು ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ಮು. ವಿಭೂತಿ ಇಟ್ಟುಕೊಂಡು ಹಸುವಿನ ಮೈ ಸವರಿಯೇ ದಿನ ಶುರುಮಾಡುವ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹಾಗಾಗಿ ಮನುಷ್ಯರ ರಕ್ತದಿಂದಲೇ ಆ ಊಟ ತಯಾರಿಸಿ ನೋಡೋಣ ಎಂದು ನಮ್ಮ ಮೇಡಂ ಅಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು.

ವಿಧಾನ ಅಂಥ ಕಷ್ಟದ್ದಲ್ಲ. ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಪ್ಲೇಟ್‌ಲೆಟ್‌ಗಳಿರುವ ಪದರ ತೆಗೆದು, ಫ್ರೀಜರಿನಲ್ಲಿಟ್ಟು ಮತ್ತೆ ಕರಗಿಸಿದರೆ ಅವು ಒಡೆಯುತ್ತವೆ. ಗಾಯ ಮಾಯಿಸಲು ದೇಹ ಇಟ್ಟುಕೊಂಡ ಸತ್ವವೆಲ್ಲ ಹೊರಗೆ ಬರುತ್ತದೆ. ಯಾರ ರಕ್ತದಲ್ಲಿ ಕೋಶಗಳು ಎಷ್ಟು ಬೆಳೆಯುತ್ತವೆ ಎಂದು ಮೊದಲು ಬೇರೆ ಬೇರೆಯಾಗಿ ನೋಡಬೇಕಿತ್ತು. ರಕ್ತ ಕೊಡಲು ನಮ್ಮವರನ್ನೂ ಕರೆದೆ. ಪಿರಿಯಾಪಟ್ಟಣದಿಂದ ಅಕ್ಕನ ಗಂಡ, ಅಂದರೆ ನನ್ನ ಭಾವ ಬಂದರು. ಕೆ.ಆರ್. ನಗರದ ಹೊಸ ಅಗ್ರಹಾರದಿಂದ ಅಮ್ಮನ ತಮ್ಮ, ನನ್ನ ಸೋದರಮಾವ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ನರ್ಸು ಎಡಗೈ ಚಾಚಲು ಹೇಳಿದರೆ ಒಪ್ಪಲಿಲ್ಲ.

"ಕೊಡೋದನ್ನ ಬಲಗೈಲೇ ಕೊಡ್ಬೇಕು ಕಣವ್ವ" ಎಂದು ಬಲಗೈಯನ್ನೇ ಚಾಚಿದರು.

ಬಾಟಲಿಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಆದರೆ ನಂಬರು ಅಂಟಿಸಿದವಳೇ ನಾನಾದ್ದರಿಂದ ಯಾವುದು ಯಾರದೆಂದು ನನಗೆ ಗೊತ್ತಿತ್ತು. ಭಾವನ ರಕ್ತದಲ್ಲಿ ಕೋಶಗಳು ತಟ್ಟೆಯ ತುಂಬ ಹಬ್ಬಿದವು. ಮಾವನದರಲ್ಲಿ ಎಲ್ಲರಿಗಿಂತ ನಿಧಾನ. ಇದು ಕಾಯಿಲೆಯೂ ಅಲ್ಲ, ಕೊರತೆಯೂ ಅಲ್ಲ. ಒಂದೊಂದು ಮನೆಯ ಹೆಪ್ಪಿಗೆ ಮೊಸರು ಒಂದೊಂದು ಥರ ಆಗುವುದಿಲ್ಲವೇ, ಹಾಗೆ. ಅದಕ್ಕೇ ಕೊನೆಗೆ ಹಲವರದನ್ನು ಬೆರೆಸಿ ಬಳಸುತ್ತೇವೆ.

ಮಾವನಿಗೆ ಮಕ್ಕಳಿಲ್ಲ. ಮದುವೆಯಾಗಿ ಮೂವತ್ತು ವರ್ಷ ದಾಟಿದೆ. ಅಷ್ಟೂ ವರ್ಷ ಅದರ ದೂರು ಹೊತ್ತವರು ಅತ್ತೆ. ಅಜ್ಜಿ ಇರುವತನಕ ಅಜ್ಜಿ ಅಂದರು, ಆಮೇಲೆ ಆ ಕೆಲಸವನ್ನು ನಮ್ಮಮ್ಮ ವಹಿಸಿಕೊಂಡಳು. ಅಮ್ಮ ಕೆಟ್ಟವಳಲ್ಲ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಕಾಯಿಸಿಕೊಂಡು ಹೋಗುತ್ತಾಳೆ. ಆದರೆ ತಮ್ಮನ ಮನೆ ಬರಿದಾಗಿದ್ದು ಅತ್ತೆಯಿಂದ ಎಂಬ ವಿಷಯದಲ್ಲಿ ಮಾತ್ರ ಅವಳದು ಕಲ್ಲು ಮನಸ್ಸು.

ಅಕ್ಕನ ಮಗುವಿನ ನಾಮಕರಣ ಬಿಳಿಕೆರೆಯ ನಮ್ಮ ಮನೆಯಲ್ಲಿ ನಡೆಯಿತು. ಹೆಂಗಸರು ತೊಟ್ಟಿಲ ಸುತ್ತ ಸೇರಿದ್ದರು. ಅತ್ತೆಯೂ ತೂಗಲು ಕೈ ಮುಂದೆ ಮಾಡಿದರು.

"ನೀನು ಒಳಗೆ ಕೋಸಂಬರಿ ನೋಡೋಗವ್ವ, ತೊಟ್ಲು ಅವ್ರು ತೂಗ್ತಾರೆ" ಅಂದಳು ಅಮ್ಮ.

ಅತ್ತೆ ಕೈ ಹಿಂದೆಗೆದುಕೊಂಡು ಅಡುಗೆಮನೆಗೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದು ಬಿಡಬಾರದ ಜಾಗದಲ್ಲಿ, ಊಟದ ಪಂಕ್ತಿಯಲ್ಲಿ.

"ಏನ್ ಡಾಕ್ಟ್ರಮ್ಮ, ಯಾರ ರಕ್ತ ಫಸ್ಟ್ ಕ್ಲಾಸು?" ಎಂದು ಭಾವ ಛೇಡಿಸಿದರು. ಪಿಎಚ್‌ಡಿಯನ್ನೂ ಮುಗಿಸದ ನಾನು ಅವರಿಗೆ ಡಾಕ್ಟರಮ್ಮ.

"ನಿಮ್ಮದು. ಮಾವನದು ಕೊನೆ" ಎಂದುಬಿಟ್ಟೆ. ಫಲಿತಾಂಶ ಗುಟ್ಟಾಗಿಡುತ್ತೇವೆ ಎಂಬ ಒಪ್ಪಿಗೆಪತ್ರಕ್ಕೆ ಅವರಿಬ್ಬರಿಂದಲೂ ಸಹಿ ಹಾಕಿಸಿಕೊಂಡವಳೂ ನಾನೇ. ತಪ್ಪು ಪೂರ್ತಿ ನನ್ನದು.

"ಏನ್ ಮಾವ, ಫೇಲಾಗೋದ್ರಾ!" ಎಂದರು ಭಾವ. ಪಂಕ್ತಿಯೆಲ್ಲ ನಕ್ಕಿತು.

ಮಾವ ನಗಲಿಲ್ಲ. ಕೈಯಲ್ಲಿದ್ದ ಹೋಳಿಗೆ ಚೂರನ್ನು ಎಲೆಗೆ ಹಾಕಿ, ತುಪ್ಪ ಬಡಿಸುತ್ತಿದ್ದ ಅಮ್ಮನ ಕಡೆ ತಿರುಗಿದರು.

"ಕೇಳ್ದಾ ಅಕ್ಕ? ಬೆಳ್ಸೋ ಶಕ್ತಿ ನನ್ ರಕ್ತದಲ್ಲೇ ಇಲ್ವಂತೆ. ನಂಗೆ ಮಕ್ಕಳಾಗ್ದೆ ಇದ್ದುದ್ದು ನನ್ನಿಂದ್ಲೇ. ಅವಳ್ದೇನೂ ತಪ್ಪಿಲ್ಲ. ಇನ್ಮ್ಯಾಕೆ ಅವಳ್ನ ಯಾರೂ ಏನೂ ಅನ್ಬ್ಯಾಡಿ."

ಅಮ್ಮ ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದಳು. "ಮಾವ, ಅದಕ್ಕೂ ಇದಕ್ಕೂ..." ಎಂದು ನಾನು ಶುರುಮಾಡಿದೆ. "ನೀ ಸುಮ್ಕಿರವ್ವ" ಎಂದರು ಮಾವ. ಅಷ್ಟು ಗಡಸಾಗಿ ಅವರು ನನ್ನ ಜೊತೆ ಯಾವತ್ತೂ ಮಾತಾಡಿರಲಿಲ್ಲ.

ಮಧ್ಯಾಹ್ನ ಅಮ್ಮ ಮಗುವನ್ನು ಎತ್ತಿಕೊಂಡು ಬಂದು ಅತ್ತೆಯ ಮಡಿಲಿಗೆ ಹಾಕಿದಳು. ಅತ್ತೆ ಅದನ್ನು ಸಂಜೆತನಕ ಯಾರಿಗೂ ಕೊಡಲಿಲ್ಲ. ನನಗೆ ಅಳು ಬಂತು, ಜೊತೆಗೆ ಸಂಕಟವೂ ಆಯಿತು. ಇಷ್ಟೆಲ್ಲ ಆಗಿದ್ದು ನನ್ನ ಪ್ರಯೋಗವನ್ನು ಮಾವ ತಪ್ಪಾಗಿ ತಿಳಿದುಕೊಂಡಿದ್ದರಿಂದ.

ಸಂಜೆ ಮಾವ, ಅತ್ತೆ ಇಬ್ಬರನ್ನೂ ಬಸ್ಸಿಗೆ ಬಿಡಲು ಹೋದೆ. ಮಾವ ಬಾಳೆಹಣ್ಣು ತರುತ್ತೇನೆಂದು ಅಂಗಡಿಗೆ ಹೋದಾಗ ತಡೆಯಲಾಗದೆ ಹೇಳಿದೆ.

"ಅತ್ತೆ, ನಿಮಗೆ ಸುಳ್ಳು ಹೇಳಕ್ಕಾಗಲ್ಲ. ಆ ಪರೀಕ್ಷೆಗೂ ಮಕ್ಕಳಾಗದೇ ಇದ್ದಿದ್ದಕ್ಕೂ ಏನೂ ಸಂಬಂಧ ಇಲ್ಲ. ಮಾವ ತಪ್ಪು ತಿಳಕೊಂಡಿದಾರೆ."

"ಅವ್ರೇನೂ ತಪ್ ತಿಳ್ಕಂಡಿಲ್ಲ ಬುಡು" ಎಂದರು ಅತ್ತೆ. "ಮದ್ವೆಯಾಗಿ ನಾಕನೇ ವರ್ಷ ಇಬ್ರೂ ಮೈಸೂರಲ್ಲಿ ತೋರಿಸ್ಕೊಂಡಿದ್ವಿ. ತೊಂದ್ರೆ ಇರೋದು ಅವ್ರಲ್ಲಿ ಅಂತ ಡಾಕ್ಟ್ರು ಅವತ್ತೇ ಏಳಿದ್ರು. ಅವ್ರಿಗೂ ಗೊತ್ತು, ನಂಗೂ ಗೊತ್ತು."

ನನಗೆ ಮಾವನ ಮೇಲೆ ಎಂಥ ಕೋಪ ಬಂತೆಂದರೆ, ಅಂಗಡಿಗೇ ಹೋಗಿ ಕೇಳಿಬಿಡೋಣ ಅನ್ನಿಸಿತು. "ಮತ್ತೆ ನೀವ್ಯಾಕೆ ಯಾರಿಗೂ ಹೇಳಲಿಲ್ಲ?" ಎಂದೆ.

"ನಾನು ಏಳಿ ಏನ್ ಬಂತು? ಅವ್ರ ಬಾಯಲ್ಲೇ ಬರ್ಲಿ ಅಂತ ಕಾಯ್ತಿದ್ದೆ. ಒಂದು ನೆಪ ಬೇಕಾಗಿತ್ತು ಅವ್ರಿಗೆ, ಇವತ್ತು ಸಿಕ್ತು. ನೀನೋಗಿ ಅದನ್ನ ಕಿತ್ಕೊಬ್ಯಾಡ ಕಣವ್ವ."

ಬಸ್ಸು ಬಂತು. ಮಾವ ನನ್ನ ಮುಖ ನೋಡದೆ ಎರಡು ಬಾಳೆಹಣ್ಣು ಕೈಗಿಟ್ಟು ಹತ್ತಿದರು.

ಮಾರನೆಯ ಬೆಳಗ್ಗೆ ಹಾಲು ಕರೆದು ಬಂದ ಅಮ್ಮ ಚೊಂಬನ್ನು ಕೆಳಗಿಡದೆ ಕೇಳಿದಳು: "ಹೌದೇನೇ, ಅದೆಲ್ಲ ರಕ್ತದಲ್ಲೇ ಗೊತ್ತಾಗ್ಬುಡ್ತದಾ?"

"ಹೂಂ ಕಣಮ್ಮ, ಗೊತ್ತಾಗ್ತದೆ" ಎಂದೆ.